ದಳವಾಯಿಯ ಗುಡ್ಡ

ಗಡಿಯಾರ ರಿಪೇರಿಯವರಿಗೆ ಆ ಕಟ್ಟಡದಲ್ಲೆಲ್ಲ ದಳವಾಯಿ ಎಂದೇ ಹೆಸರು. ಹೆಬ್ಬೆಟ್ಟಿನಷ್ಟು ಎತ್ತರದ ಇಪ್ಪತ್ತು ತವರದ ಸೈನಿಕರು ಅವರ ಕೈಕೆಳಗಿದ್ದರು. ಒಬ್ಬೊಬ್ಬನ ಮೀಸೆಯನ್ನೂ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಅವರೇ ಬರೆದಿದ್ದರು. ಮೀಸೆ ಇದ್ದು ಏನು ಬಂತು? ಪ್ರತಿ ಭಾನುವಾರ ಊಟದ ಮೇಜಿನ ಮೇಲೆ ನಡೆಯುವ ಯುದ್ಧದಲ್ಲಿ ಈ ಸೈನ್ಯ, ಮೇಲಿನ ಮನೆಯ ಮೇಷ್ಟ್ರ ಕೈಯಲ್ಲಿ ಸಾಲಾಗಿ ಹನ್ನೊಂದು ಸಲ ಮಣ್ಣು ಮುಕ್ಕಿತ್ತು. ಮೇಷ್ಟ್ರು ಮೂವತ್ತು ವರ್ಷ ರೇಖಾಗಣಿತ ಹೇಳಿಕೊಟ್ಟು ನಿವೃತ್ತರಾದವರು. ಸೋಲಿಸುವಾಗಲೂ ಪಾಠ ಮಾಡುತ್ತಲೇ ಸೋಲಿಸುತ್ತಿದ್ದರು.

ಈ ಭಾನುವಾರ ಬೆಳಿಗ್ಗೆ ಹೆಂಡತಿ ಕಡ್ಡಿ ಮುರಿದ ಹಾಗೆ ಹೇಳಿಬಿಟ್ಟರು.

"ನೋಡಿ, ಆರು ತಿಂಗಳಿಂದ ತಟ್ಟೆ ತೊಡೆ ಮೇಲಿಟ್ಕೊಂಡು ಉಣ್ತಾ ಇದೀವಿ. ಇವತ್ತು ಗೆದ್ರೆ ಮೇಜು ನಿಮ್ದು, ನಾನು ತುಟಿ ಪಿಟಕ್ಕನ್ನಲ್ಲ. ಸೋತ್ರೆ ಮೇಜು ಊಟಕ್ಕೆ, ನಿಮ್ಮ ಸೈನ್ಯ ಅಟ್ಟಕ್ಕೆ."

ಮಧ್ಯಾಹ್ನ ತಂಗಿ ಊಟಕ್ಕೆ ಬರುತ್ತಾಳೆ, ಒಂದು ಗಂಟೆಗೆ ಮೇಜು ಖಾಲಿಯಾಗಬೇಕು ಎಂದೂ ಸೇರಿಸಿದರು.

ದಳವಾಯಿಗಳು ಹೆದರಲಿಲ್ಲ. ತಮ್ಮ ಸೋಲಿನ ಮೂಲ ಅವರಿಗೆ ಸಿಕ್ಕಿಬಿಟ್ಟಿತ್ತು. ಇಬ್ಬರೂ ದಾಳ ಉರುಳಿಸಬೇಕು, ಹೆಚ್ಚು ಬಿದ್ದವನು ಗೆದ್ದ. ಎತ್ತರದಲ್ಲಿ ನಿಂತವನಿಗೆ ಒಂದು ಅಂಕ ಜಾಸ್ತಿ. ಇದು ಹಳೆಯ ನಿಯಮ. ಗುಡ್ಡ ಹತ್ತಿ ಏದುಸಿರು ಬಿಡುವ ಸೈನಿಕನಿಗೆ ಬರೀ ಒಂದು ಅಂಕವೇ? ಎಷ್ಟು ಬೆರಳು ಎತ್ತರವೋ ಅಷ್ಟು ಅಂಕ ಸಿಗಬೇಕು ಎಂದು ಅವರು ನಿಯಮದ ಪುಸ್ತಕ ತಿದ್ದಿದರು. ಗುಡ್ಡದ ಇಳಿಜಾರು ಲೆಕ್ಕಕ್ಕೆ ಬಾರದಿರಲೆಂದು, ಬಾಣದ ದೂರವನ್ನು ಅಡ್ಡವಾಗಿ ಮಾತ್ರ ಅಳೆಯಬೇಕು ಎಂದೂ ಬರೆದರು. ರಟ್ಟಿನಲ್ಲಿ ನಾಲ್ಕು ಬೆರಳಿನ ಗುಡ್ಡವೊಂದನ್ನು ಕಟ್ಟಿದರು. ಅಷ್ಟಕ್ಕೇ ಸುಮ್ಮನಿದ್ದಿದ್ದರೆ ಚೆನ್ನಾಗಿತ್ತು. ತಮ್ಮ ಕಡೆಯ ಮೇಜಿನ ಕಾಲುಗಳ ಕೆಳಗೆ ಎರಡು ಬೆರಳು ದಪ್ಪದ ಮರದ ತುಂಡುಗಳನ್ನೂ ತೂರಿಸಿಟ್ಟರು.

ಮೇಷ್ಟ್ರು ಬಂದು ಮೇಜಿನ ಕಡೆ ಒಮ್ಮೆ ತಲೆ ವಾಲಿಸಿ ನೋಡಿದರು. ತಿದ್ದುಪಡಿ ಓದಿ, ಎತ್ತರವನ್ನು ಮೇಜಿನಿಂದ ಅಳೆಯೋಣವೇ ಎಂದು ಕೇಳಿದರು. ತುಂಡುಗಳ ಲಾಭ ತಪ್ಪಿಹೋದೀತೆಂದು ದಳವಾಯಿಗಳು, ಮೇಜಿನಿಂದ ಬೇಡ, ನೆಲದಿಂದ ಅಳೆಯೋಣ ಎಂದರು. ನಿಮ್ಮ ಮನೆಯ ನೆಲ ಬಚ್ಚಲ ಕಡೆಗೆ ಓರೆಯಾಗಿದೆಯಲ್ಲ ಎಂದು ಮೇಷ್ಟ್ರು ರಾಗ ತೆಗೆದರು.

"ಹಾಗಾದ್ರೆ ಹೊರಗೆ ಮೆಟ್ಟಿಲ ಬುಡದಲ್ಲಿ ಕಲ್ಲಿದೆಯಲ್ಲ, ಅದರಿಂದ ಅಳೀರಿ. ಅದಕ್ಕೆ ಯಾವ ಓರೆಯೂ ಇಲ್ಲ," ಎಂದರು ದಳವಾಯಿ, ಉದಾರವಾಗಿ.

ಅದನ್ನೂ ಪುಸ್ತಕದಲ್ಲಿ ಬರೆದು ರುಜು ಹಾಕಿದರು. ಎದುರು ಮನೆಯ ಟೈಲರಮ್ಮ ಕರೆಯದೇ ಬಂದು ಸಾಕ್ಷಿ ರುಜು ಹಾಕಿದರು. ಕೊರಳಲ್ಲಿ ಅಳತೆ ಟೇಪು ಹೇಗೂ ಇತ್ತು, ತೀರ್ಪುಗಾರರೂ ಅವರೇ ಆದರು.

ಯುದ್ಧ ಶುರುವಾಯಿತು. ಓರೆ ಮೇಜಿನ ಮೇಲೆ ದಾಳಗಳೆಲ್ಲ ಉರುಳಿ ಹೋಗಿ ಮೇಷ್ಟ್ರ ಮಡಿಲಿಗೆ ಬೀಳುತ್ತಿದ್ದವು, ಟೈಲರಮ್ಮ ಬಗ್ಗಿ ಬಗ್ಗಿ ಎತ್ತಿಕೊಡುತ್ತಿದ್ದರು. ಆದರೇನು, ಆರು ಬೆರಳಿನ ಎತ್ತರ ಕೆಲಸ ಮಾಡಿತು. ಒಂದು ಗಂಟೆ ಹೊಡೆಯುವ ಹೊತ್ತಿಗೆ ಮೇಷ್ಟ್ರ ಬಳಿ ಉಳಿದವರು ಮೂವರೇ ಬಿಲ್ಲುಗಾರರು. ದಳವಾಯಿಗಳ ಗುಡ್ಡದ ಮೇಲೆ ಹದಿನಾಲ್ಕು ಜನ ಮೀಸೆ ತಿರುವುತ್ತ ನಿಂತಿದ್ದರು. ದಳವಾಯಿಗಳಿಗೆ ಎದೆ ತುಂಬಿ ಬಂತು.

ಅಷ್ಟರಲ್ಲಿ ನಾದಿನಿ ಬಂದಳು. ಮೇಜು ಖಾಲಿಯಾಗಬೇಕು. ಯುದ್ಧಭೂಮಿ ಎರಡು ಹಲಗೆಗಳದ್ದಾಗಿತ್ತು, ಒಂದು ಇವರದು, ಒಂದು ಅವರದು. ಸೈನಿಕರನ್ನು ಕದಲಿಸದೆ ಹಲಗೆ ಸಮೇತ ಎತ್ತಿಡೋಣ ಎಂದು ಮೇಷ್ಟ್ರು ಸೂಚಿಸಿದರು. ದಳವಾಯಿಗಳ ಹಲಗೆ ಮಂಚದ ಕೆಳಗೆ ಹೋಯಿತು. ನನ್ನದಕ್ಕೆ ಇಲ್ಲಿ ಜಾಗವೆಲ್ಲಿದೆ ಎಂದು ಮೇಷ್ಟ್ರು ತಮ್ಮದನ್ನು ಮೇಲಕ್ಕೆ ಒಯ್ದರು. ಪಾಪ, ದಳವಾಯಿಗಳೇ ಒಂದು ತುದಿ ಹಿಡಿದು, ಹುಷಾರು ಹುಷಾರು ಎನ್ನುತ್ತ ಬೆವರು ಸುರಿಸಿಕೊಂಡು ಮೆಟ್ಟಿಲು ಹತ್ತಿ, ಅದನ್ನು ಮೇಷ್ಟ್ರ ಮೇಜಿನ ಮೇಲೆ ಇಟ್ಟು ಬಂದರು.

ಊಟಕ್ಕೆ ಕೂತಾಗ ನಾದಿನಿಯ ಬಟ್ಟಲಿನ ಸೂಪು ತುಳುಕಿ ಅವಳ ಹೊಸ ಬಟ್ಟೆಯ ಮೇಲೆ ಹರಿಯಿತು. ಹೆಂಡತಿ ಬಗ್ಗಿ ಮೇಜಿನ ಕೆಳಗೆ ನೋಡಿದರು. ಮರದ ತುಂಡುಗಳನ್ನು ಕಂಡರು. ಅವನ್ನು ಹಾಗೇ ಬಿಟ್ಟು, ತಂಗಿಗೆ ಒರೆಸಿಕೊಳ್ಳಲು ಬಟ್ಟೆ ತಂದುಕೊಟ್ಟರು.

ಮೂರು ಗಂಟೆಗೆ ಮೇಷ್ಟ್ರು ಬರಿಗೈಯಲ್ಲಿ ಇಳಿದು ಬಂದರು. ದಳವಾಯಿಗಳು ಮಂಚದ ಕೆಳಗೆ ಕೈ ಹಾಕಿದರು.

"ಮುಟ್ಟಬೇಡಿ, ಅಲ್ಲೇ ಇರಲಿ," ಎಂದರು ಮೇಷ್ಟ್ರು. "ಸರದಿ ನನ್ನದು. ಹಲಗೆ ಎತ್ತಿಟ್ಟದ್ದು ಇಬ್ಬರ ಒಪ್ಪಿಗೆಯಿಂದ. ಈಗ ಕದಲಿಸೋಕೆ ನನ್ನ ಒಪ್ಪಿಗೆ ಇಲ್ಲ. ನನ್ನ ಬಿಲ್ಲುಗಾರರು ಮೇಲಿಂದಲೇ ಬಾಣ ಬಿಡ್ತಾರೆ."

"ಬಾಣ ಎರಡು ಗೇಣಿಗಿಂತ ದೂರ ಹೋಗಲ್ಲ, ಮೇಷ್ಟ್ರೇ."

"ದೂರ ಅಡ್ಡವಾಗಿ ಮಾತ್ರ ಅಳೀಬೇಕು ಅಂತ ಬರೆದೋರು ನೀವೇ. ನನ್ನ ಮೇಜು ಇರೋದು ನಿಮ್ಮ ಮಂಚದ ನೆತ್ತಿ ಮೇಲೆ ಸರಿಯಾಗಿ. ಅಡ್ಡವಾಗಿ ಅಳೆದ್ರೆ ದೂರ ಸೊನ್ನೆ. ಇನ್ನು ಎತ್ತರ, ಮೆಟ್ಟಿಲ ಬುಡದ ಕಲ್ಲಿಂದ."

ದಳವಾಯಿಗಳು ಪುಸ್ತಕ ತಿರುವಿದರು. ಅಕ್ಷರ ತಮ್ಮದೇ, ರುಜುವೂ ತಮ್ಮದೇ. ಟೈಲರಮ್ಮ ಎರಡು ಟೇಪು ಗಂಟು ಹಾಕಿ ಮೇಷ್ಟ್ರ ಕಿಟಕಿಯಿಂದ ಇಳಿಬಿಟ್ಟು ಅಳೆದರು. ಆಮೇಲೆ ಮಂಚದ ಕೆಳಗೂ ತೂರಿ ಅಳೆದರು. ಕಳೆದು ನೋಡಿದರೆ ನೂರ ಎಂಬತ್ತೆರಡು ಬೆರಳು. ಮೇಷ್ಟ್ರು ದಾಳ ಹಾಕಿದರು. ಒಂದು ಬಿತ್ತು. ಒಟ್ಟು ನೂರ ಎಂಬತ್ತಮೂರು. ದಳವಾಯಿಗಳಿಗೆ ಆರು ಬಿತ್ತು, ಅಷ್ಟು ಚೆನ್ನಾಗಿ ಬಿದ್ದದ್ದು ಅವರ ಜನ್ಮದಲ್ಲೇ ಅದು ಮೊದಲು. ಮೂವರು ಬಿಲ್ಲುಗಾರರು ಸರದಿಗೆ ಮೂವರಂತೆ ಹದಿನಾಲ್ಕು ಮೀಸೆಗಳನ್ನೂ ಮಲಗಿಸಿದರು. ಹನ್ನೆರಡನೇ ಸೋಲು.

ಸಂಜೆ ಸ್ಟೂಲು ಹತ್ತಿ ಸೈನ್ಯವನ್ನು ಅಟ್ಟಕ್ಕೆ ಏರಿಸುವಾಗ ದಳವಾಯಿಗಳ ಕಣ್ಣು ತುಂಬಿತ್ತು. ಕೆಳಗಿಳಿದು ನೋಡುತ್ತಾರೆ, ಆರು ತಿಂಗಳ ಮೇಲೆ ರಾತ್ರಿ ಊಟಕ್ಕೆ ಮೇಜಿನ ಮೇಲೆ ಬಟ್ಟೆ ಹಾಸಿತ್ತು, ತಟ್ಟೆಗಳು ಬಂದಿದ್ದವು. ಅವರ ಜಾಗದಲ್ಲಿ ಹೆಂಡತಿ ಕೂತಿದ್ದರು. ಖಾಲಿ ಇದ್ದದ್ದು ಮೇಷ್ಟ್ರ ಕಡೆಯ ಕುರ್ಚಿ ಒಂದೇ. ಅವರು ಕೂತರು. ಮಧ್ಯಾಹ್ನ ಉಳಿದಿದ್ದ ಸೂಪನ್ನು ಹೆಂಡತಿ ಅವರ ಬಟ್ಟಲಿನ ಅಂಚಿನವರೆಗೂ ಬಡಿಸಿದರು. ಅದು ಮೆಲ್ಲಗೆ ತುಳುಕಿ, ಮೇಜಿನಗುಂಟ ಹರಿದು ಬಂದು, ದಳವಾಯಿಗಳ ಮಡಿಲಿಗೆ ಇಳಿಯಿತು.

ಆ ಮರದ ತುಂಡುಗಳನ್ನು ತೆಗೆದುಬಿಡ್ತೀನಿ ಕಣೇ ಎಂದು ಅವರು ಮೇಜಿನ ಕೆಳಗೆ ಬಗ್ಗಿದರು.

"ಮುಟ್ಟಬೇಡಿ," ಎಂದರು ಹೆಂಡತಿ, ತಮ್ಮ ಸೂಪು ಕುಡಿಯುತ್ತ. "ಕದಲಿಸೋಕೆ ನನ್ನ ಒಪ್ಪಿಗೆ ಇಲ್ಲ."