ಹುಳುಮನೆಗೆ ಬಂದ ಟೆಲಿಫೋನು

ಟೆಲಿಫೋನ್ ಇಲಾಖೆಯಲ್ಲಿ ಕೆಲಸ ಮಾಡಿದವರಿಗೆ ತಮಾಷೆಗೆ ಬರವಿಲ್ಲ. ಆ ಕಡೆ ಒಬ್ಬ ಮನುಷ್ಯ, ಈ ಕಡೆ ಒಬ್ಬ ಮನುಷ್ಯ, ನಡುವೆ ಒಂದು ತಂತಿ; ಏನಾದರೊಂದು ಆಗಿಯೇ ಆಗುತ್ತದೆ. ತೊಂಬತ್ತರ ದಶಕದ ಶುರುವಿನಲ್ಲಿ ನನ್ನನ್ನು ಕುಂದಾಣದ ಕಡೆಯ ಒಂದು ಹಳ್ಳಿಗೆ ಹಾಕಿದ ಮೇಲಂತೂ ದಿನ ಬಿಟ್ಟು ದಿನ ಆಗತೊಡಗಿತು.

ನಾನು ಆಗ ಹೊಸದಾಗಿ ಸೇರಿದ ಜೂನಿಯರ್ ಇಂಜಿನಿಯರ್. ದೊಡ್ಡಬಳ್ಳಾಪುರದ ಮನೆಯಿಂದ ಮೊಪೆಡ್ ಮೇಲೆ ಹೊರಟರೆ ದಾರಿಯುದ್ದಕ್ಕೂ ಎದೆ ಉಬ್ಬಿಸಿಕೊಂಡೇ ಹೋಗುತ್ತಿದ್ದೆ. ಕಾರಣವಿತ್ತು. ಹಳ್ಳಿಗಳಿಗೆಂದೇ ತಯಾರಾದ ಹೊಸ ಎಕ್ಸ್‌ಚೇಂಜು ನನ್ನ ಕೈಗೆ ಬಂದಿತ್ತು. ಬಟ್ಟೆ ಬೀರುವಿನಷ್ಟೇ ಗಾತ್ರ, ಏಸಿ ರೂಮು ಬೇಡ, ಊರಿನ ಫೋನುಗಳನ್ನೆಲ್ಲ ತಾನೇ ನೋಡಿಕೊಳ್ಳುತ್ತದೆ. ಮೇಲಾಗಿ ಅದನ್ನು ಪರೀಕ್ಷೆ ಮಾಡಲು ವಿದೇಶದ ತಂಡವೇ ಬರುವುದಿತ್ತು. ಒಂದು ದೇಶದ ಫೋನು ಇನ್ನೊಂದು ದೇಶದ ಫೋನಿನ ಜೊತೆ ಮಾತಾಡಬೇಕಾದರೆ ಎಲ್ಲರೂ ಒಂದೇ ನಿಯಮಕ್ಕೆ ಒಪ್ಪಬೇಕಲ್ಲ. ಆ ನಿಯಮ ಮಾಡಲು ದೇಶದೇಶದ ತಜ್ಞರು ಒಟ್ಟಿಗೆ ಕೂರುತ್ತಾರೆ. ಹಳ್ಳಿಹಳ್ಳಿಗೆ ಫೋನು ಮುಟ್ಟಿಸುವುದು ಹೇಗೆಂದು ನೋಡಲು ಅಂಥವರೇ ನಮ್ಮ ಹಳ್ಳಿಗೆ ಬರುತ್ತಾರೆ ಅಂದರೆ ನನಗೆ ಊಟ ರುಚಿಸುತ್ತಿರಲಿಲ್ಲ, ನಿದ್ದೆ ಹತ್ತುತ್ತಿರಲಿಲ್ಲ.

ಪರೀಕ್ಷೆ ಪಾಸಾದರೆ ಹಳ್ಳಿಯಿಂದ ಯಾವ ಊರಿಗೆ ಬೇಕಾದರೂ ನೇರ ಲೈನು. ಫೇಲಾದರೆ ಎಕ್ಸ್‌ಚೇಂಜನ್ನು ಬಿಚ್ಚಿ ದೇವನಹಳ್ಳಿಗೆ ವಾಪಸ್. ಊರಿನವರಿಗೆ ಮತ್ತೆ ಟ್ರಂಕ್ ಕಾಲ್ ಬುಕ್ ಮಾಡಿ ಸಂಜೆವರೆಗೆ ಕಾಯುವ ಕರ್ಮ.

ಜ್ವರಕ್ಕೆ ಕೂತ ಎಕ್ಸ್‌ಚೇಂಜು

ಎಕ್ಸ್‌ಚೇಂಜಿಗೆ ಜಾಗ ಕೊಟ್ಟವರು ಊರಿಗೆಲ್ಲ ದೊಡ್ಡಮ್ಮ ಅನ್ನಿಸಿಕೊಂಡಿದ್ದ ಒಬ್ಬ ಹೆಂಗಸು. ರೇಷ್ಮೆ ಹುಳು ಸಾಕುವ ಮನೆ ಅವರದು. ಗಟ್ಟಿ ಗೋಡೆ, ಹೆಂಚಿನ ಸೂರು, ನೊಣ ಬರದಂತೆ ಕಿಟಕಿಗೆಲ್ಲ ಬಲೆ. ಚೆನ್ನಾಗಿ ಬೆಳೆ ಬರುತ್ತಿದ್ದ ಹುಳುಮನೆಯನ್ನು ಯಾಕೆ ಬಿಟ್ಟುಕೊಟ್ಟಿರಿ ಎಂದು ಕೇಳಿದೆ. "ಮಗಳನ್ನ ಹಿಂದೂಪುರಕ್ಕೆ ಕೊಟ್ಟಿವ್ನಿ ಕಣಪ್ಪ. ಈಗ ತುಂಬಿದ ಬಸುರಿ. ಟ್ರಂಕ್ ಕಾಲ್ ಬುಕ್ ಮಾಡಿದ್ರೆ ಸಿಗೋದು ಬೈಗಾದ್ಮೇಲೆ, ಆಗ ನಾನು ಸೊಪ್ಪು ಕುಯ್ಯಾಕೆ ಹೋಗಿರ್ತೀನಿ. ಅವಳ ದನಿ ಕೇಳಿ ಶಾನೆ ದಿನ ಆಯ್ತು. ನೇರ ಲೈನು ಬತ್ತದೆ ಅಂದ್ರಲ್ಲ, ಅದುಕ್ಕೇ ಕೊಟ್ಟೆ" ಅಂದರು. ಬಂದೇ ಬರುತ್ತದೆ, ನಾನು ತರಿಸಿಕೊಡುತ್ತೇನೆ ಅಂತ ದೊಡ್ಡದಾಗಿ ಮಾತು ಕೊಟ್ಟುಬಿಟ್ಟೆ.

ಮನೆ ಕೊಟ್ಟರೇ ಹೊರತು ಹುಳುಮನೆಯ ಕಟ್ಟುಪಾಡು ಬಿಡಲಿಲ್ಲ. ಕಾಲು ತೊಳೆಯದೆ ಒಳಗೆ ಕಾಲಿಡುವಂತಿಲ್ಲ. ಬೀಡಿ, ಸಿಗರೇಟು, ಊದುಬತ್ತಿ, ಸೆಂಟು, ಯಾವ ವಾಸನೆಯೂ ಕೂಡದು. ಹೊಸಿಲಿಗೆ ಸುಣ್ಣದ ಪುಡಿ. ಮೊದಲ ದಿನ ಬೆಳಗ್ಗೆ ಬಂದು ನೋಡಿದರೆ ನನ್ನ ಎಕ್ಸ್‌ಚೇಂಜಿನ ನಾಲ್ಕು ಕಾಲಿಗೂ ನಾಲ್ಕು ನೀರಿನ ಬಟ್ಟಲು. ಕರೆಂಟಿನ ಯಂತ್ರದ ಕೆಳಗೆ ನೀರು. ನಾನು ಬಟ್ಟಲು ತೆಗೆಯಲು ಬಗ್ಗಿದೆ. "ಇಲ್ದಿದ್ರೆ ಇರುವೆ ಹತ್ತಲ್ವೇನಪ್ಪ?" ಅಂದರು ದೊಡ್ಡಮ್ಮ, ಇಷ್ಟೂ ಗೊತ್ತಿಲ್ಲದೆ ಹೇಗೆ ಇಂಜಿನಿಯರ್ ಆದೆ ಅನ್ನುವ ಹಾಗೆ.

ಒಳಗೆ ಕರೆಗಳನ್ನು ಜೋಡಿಸುವ ರಿಲೇಗಳು ಕಟಕಟ ಅನ್ನುತ್ತಿದ್ದರೆ ಅವರಿಗೆ ಸಮಾಧಾನ. ಹುಳು ಸೊಪ್ಪು ತಿನ್ನುವ ಸದ್ದು ಕೇಳಿದಂತೆ ಕಿವಿಗೊಟ್ಟು, "ಚೆನ್ನಾಗಿ ಮೇಯ್ತಾವೆ" ಅನ್ನುತ್ತಿದ್ದರು. ಒಂದು ಮಧ್ಯಾಹ್ನ ಸದ್ದು ನಿಂತುಹೋಯಿತು. ನಾನು ಯಂತ್ರದೊಳಗಿನ ಸರ್ಕ್ಯೂಟ್ ಕಾರ್ಡುಗಳನ್ನು ಕೀಳಲು ಹೊರಟರೆ ದೊಡ್ಡಮ್ಮ ಕೈ ಹಿಡಿದರು. "ಮುಟ್ಟಬೇಡ. ಜ್ವರಕ್ಕೆ ಕೂತವೆ. ಈಗ ಮುಟ್ಟಿದ್ರೆ ಕೆಟ್ಟೋಯ್ತವೆ." ಹುಳು ಪೊರೆ ಬಿಡುವ ಮೊದಲು ಮೇವು ಬಿಟ್ಟು ಸುಮ್ಮನೆ ಕೂರುವುದಕ್ಕೆ ನಮ್ಮ ಕಡೆ ಜ್ವರ ಅನ್ನುತ್ತಾರೆ. ಯಂತ್ರಕ್ಕೆ ಎಲ್ಲಿಯ ಜ್ವರ ಎಂದು ನಾನು ವಾದ ಮಾಡುತ್ತಿರುವಾಗಲೇ ನಮಗೆ ಲೈನು ಕೊಡುವ ದೇವನಹಳ್ಳಿ ಎಕ್ಸ್‌ಚೇಂಜಿನಲ್ಲಿ ಹೋಗಿದ್ದ ಕರೆಂಟು ಬಂತು, ರಿಲೇಗಳು ತಾವಾಗಿಯೇ ಕಟಕಟ ಅಂದವು. ದೊಡ್ಡಮ್ಮ ಸೆರಗು ಸರಿಮಾಡಿಕೊಂಡು ಹೊರಗೆ ಹೋದರು.

ಆಮೇಲೆ ಫೋನು ಕೆಟ್ಟರೆ ಆ ಊರಿನಿಂದ ದೂರು ಬರುವುದೇ ನಿಂತುಹೋಯಿತು. ನಾನೇ ಗಾಬರಿಯಾಗಿ ಮನೆಮನೆಗೆ ಹೋಗಿ ಕೇಳಿದರೆ, "ಜ್ವರಕ್ಕೆ ಕೂತದೆ ಬಿಡಿ ಸಾ, ಎದ್ಮೇಲೆ ಮಾತಾಡ್ತೀವಿ" ಅನ್ನುತ್ತಿದ್ದರು.

ಒಂದೇ ಉಸಿರಿನ ಮಾತು

ತಂಡ ಬರುವ ಮೊದಲು ನಮ್ಮದೇ ಒಂದು ರಿಹರ್ಸಲ್ ನಡೆಯಿತು. ಆಗ ನಮ್ಮ ಲೈನು ಇದ್ದದ್ದು ದೇವನಹಳ್ಳಿವರೆಗೆ ಮಾತ್ರ. ಅಲ್ಲಿ ನಮ್ಮ ಸಾಹೇಬರು ಕೂತರು. ಹಳ್ಳಿಯಿಂದ ಒಬ್ಬೊಬ್ಬರೇ ಅವರಿಗೆ ಫೋನು ಮಾಡಬೇಕು, ಲೈನು ಎಷ್ಟು ಹೊತ್ತು ನಿಲ್ಲುತ್ತದೆ ಎಂದು ಅವರು ನೋಡಬೇಕು.

ಸ್ವಲ್ಪ ಹೊತ್ತಿಗೇ ಸಾಹೇಬರ ಫೋನು. "ಏನ್ರೀ ಇದು, ಒಂದು ಕಾಲೂ ನಿಲ್ತಾ ಇಲ್ಲ. ನಾನು ಬಾಯಿ ತೆಗೆಯೋದ್ರೊಳಗೆ ಕಟ್ ಆಗ್ತಿದೆ."

ಅಲ್ಲಿಂದ ನನ್ನ ಓಡಾಟ ಶುರು. ಕಾರ್ಡು ಬದಲಾಯಿಸಿದೆ. ಬ್ಯಾಟರಿ ನೋಡಿದೆ. ರಸ್ತೆ ಬದಿಯ ಗುಂಡಿಗಿಳಿದು ಕೇಬಲ್ ಜಾಯಿಂಟು ಬಿಚ್ಚಿದೆ. ಎಲ್ಲ ಸರಿಯಾಗಿದೆ, ಆದರೂ ಕಾಲ್ ಕಟ್. ಮೈಯೆಲ್ಲ ಮಣ್ಣು ಮಾಡಿಕೊಂಡು ದ್ರಾಕ್ಷಿ ತೋಟದ ಗೌಡರ ಮನೆ ಜಗುಲಿಗೆ ಹೋಗಿ ಕೂತೆ. ಗೌಡರು ಆಗಲೇ ಸಾಹೇಬರಿಗೆ ಫೋನು ಹಚ್ಚಿದ್ದರು.

"ಹಲೋ ನಮಸ್ಕಾರ ನಾನು ಗೌಡ ಎಲ್ರೂ ಚೆನ್ನಾಗಿದೀವಿ ಮಳೆ ಪರವಾಗಿಲ್ಲ ಫೋನು ಚೆನ್ನಾಗದೆ ನೀವೂ ಚೆನ್ನಾಗಿದೀರ ಅಂದ್ಕಂಡಿವ್ನಿ ಮಡಗ್ತೀನಿ." ಒಂದೇ ಉಸಿರು. ರಿಸೀವರ್ ಟಪ್ ಅಂತ ಕೆಳಗೆ.

ಆಗ ಅರ್ಥವಾಯಿತು. ಟ್ರಂಕ್ ಕಾಲಿನ ಕಾಲದಲ್ಲಿ ಮೂರು ನಿಮಿಷಕ್ಕೆ ಆಪರೇಟರ್ ಲೈನ್ ಕಡಿಯುತ್ತಿದ್ದರಲ್ಲ, ಊರಿಗೆ ಊರೇ ಆ ಭಯಕ್ಕೆ ಪಳಗಿಹೋಗಿತ್ತು. ಹೇಳಬೇಕಾದ್ದನ್ನು ಒಂದೇ ಗುಕ್ಕಿನಲ್ಲಿ ಹೇಳಿ, ಉತ್ತರಕ್ಕೆ ಕಾಯದೆ ಇಟ್ಟುಬಿಡುವುದೇ ಅವರಿಗೆ ಫೋನಿನಲ್ಲಿ ಮಾತಾಡುವ ಪದ್ಧತಿ. ಕೆಟ್ಟದ್ದು ಲೈನೂ ಅಲ್ಲ, ಯಂತ್ರವೂ ಅಲ್ಲ.

ನಾನು ಗೌಡರಿಗೆ ಬಿಡಿಸಿ ಹೇಳಿದೆ. ಈಗ ಯಾರೂ ಕಡಿಯುವುದಿಲ್ಲ, ನಿಧಾನಕ್ಕೆ ಮಾತಾಡಿ, ನಾನು ಹೇಳುವತನಕ ಇಡಬೇಡಿ ಅಂದೆ. ಗೌಡರು ತಲೆಯಾಡಿಸಿ ಮತ್ತೆ ಫೋನು ಹಚ್ಚಿದರು. ಮತ್ತೆ ಅದೇ ಮಾತು, ಅದೇ ಒಂದು ಉಸಿರು. ಆದರೆ ಈ ಸಲ ರಿಸೀವರ್ ಇಡಲಿಲ್ಲ, ಕಿವಿಗೆ ಒತ್ತಿಕೊಂಡು ಕಂಬದ ಹಾಗೆ ನಿಂತರು. ಆ ಕಡೆ ಸಾಹೇಬರೂ ಗಡಿಯಾರ ನೋಡುತ್ತ ಮಾತಿಲ್ಲದೆ ಕೂತರು. ನಾನು ಖುಷಿಯಿಂದ ಗೌಡರ ಮನೆಯವರು ಕೊಟ್ಟ ಮಜ್ಜಿಗೆ ಕುಡಿದೆ, ಮುಖ ತೊಳೆದುಕೊಂಡೆ.

ಕಡೆಗೆ ಗೌಡರೇ ರಿಸೀವರಿಗೆ ಕೈ ಅಡ್ಡ ಹಿಡಿದು ನನ್ನ ಕಡೆ ಬಗ್ಗಿ ಪಿಸುಗುಟ್ಟಿದರು. "ಸಾ, ಅವ್ರಿಗೆ ಮಾತು ಬರಲ್ವಾ? ದನ ಬಿಡೋ ಹೊತ್ತಾಯ್ತು, ನಾನೇ ದೇವನಳ್ಳಿಗೆ ಹೋಗಿ ಏನಾಯ್ತೋ ನೋಡ್ಕಂಡು ಬರಾಣಾಂದ್ರೆ ಬಸ್ಸೂ ಇಲ್ಲ."

ಕಾಲು ತೊಳೆದ ದೇಶಗಳು

ಕಡೆಗೂ ತಂಡ ಬರುವ ದಿನ ಬಂತು. ಧೂಳೆಬ್ಬಿಸಿಕೊಂಡು ವ್ಯಾನು ನಿಂತಿತು. ಬೇರೆ ಬೇರೆ ದೇಶದ ನಾಲ್ವರು, ಜೊತೆಗೆ ನಮ್ಮ ಸಾಹೇಬರು. ವ್ಯಾನಿನಿಂದ ಇಳಿಯುವಾಗಲೂ ನಾಲ್ವರ ವಾದ ನಿಂತಿರಲಿಲ್ಲ. ಎಕ್ಸ್‌ಚೇಂಜಿನ ಕೋಣೆಯಲ್ಲಿ ಎಷ್ಟರವರೆಗೆ ಧೂಳಿದ್ದರೆ ನಡೆಯುತ್ತದೆ ಅನ್ನುವ ಬಗ್ಗೆ ಜಗಳವಂತೆ. ವರ್ಷಗಟ್ಟಲೆ ಸಭೆ ಸೇರಿದರೂ ಒಬ್ಬರು ಹೇಳಿದ್ದಕ್ಕೆ ಇನ್ನೊಬ್ಬರು ಒಪ್ಪಿಲ್ಲ ಎಂದು ಸಾಹೇಬರು ಕಿವಿಯಲ್ಲಿ ಹೇಳಿದರು.

ಬಾಗಿಲಲ್ಲಿ ದೊಡ್ಡಮ್ಮ ಅಡ್ಡ ನಿಂತಿದ್ದರು. ಪಕ್ಕದಲ್ಲಿ ಹಂಡೆ ತುಂಬ ನೀರು, ಚೊಂಬು.

"ಕಾಲು ತೊಳ್ಕಂಡು ಬರಾಕೆ ಹೇಳಪ್ಪ."

"ಅಮ್ಮ, ಅವರು ದೊಡ್ಡವರು, ವಿದೇಶದವರು."

"ವಿದೇಶದಾಗೆ ಧೂಳಿರಲ್ವಾ?"

ಸಾಹೇಬರ ಮುಖ ಕಪ್ಪಿಟ್ಟಿತು. ನಾನು ಹೆದರುತ್ತಲೇ ಇಂಗ್ಲಿಷಿನಲ್ಲಿ ವಿಷಯ ತಿಳಿಸಿದೆ. ನಾಲ್ವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ತಂಡದ ಹಿರಿಯ, ಎತ್ತರದ ಬಿಳಿ ಗಡ್ಡದವರು, ಬೂಟು ಬಿಚ್ಚಿ ಪ್ಯಾಂಟು ಮಡಚಿದರು. ಹಿಂದೆಯೇ ಉಳಿದವರು. ದೊಡ್ಡಮ್ಮ ಒಬ್ಬೊಬ್ಬರ ಕಾಲಿಗೂ ನೀರು ಹಾಕುತ್ತ, "ಹಿಮ್ಮಡಿ, ಹಿಮ್ಮಡಿ ತೊಳ್ಕೊಳಿ" ಅನ್ನುತ್ತಿದ್ದರು. ನಾಲ್ಕನೆಯವರು ಮೈತುಂಬ ಸೆಂಟು ಹಾಕಿಕೊಂಡು ಬಂದಿದ್ದರು. ದೊಡ್ಡಮ್ಮ ಮೂಗಿಗೆ ಸೆರಗು ಹಿಡಿದು, ಇವರು ಬೇಡ ಅಂದುಬಿಟ್ಟರು. ಎಷ್ಟು ಹೇಳಿದರೂ ಕೇಳಲಿಲ್ಲ. ಪಾಪ, ಆ ಮನುಷ್ಯ ಹೊರಗೆ ಹುಣಸೆ ಮರದ ಕೆಳಗೆ ಚಾಪೆ ಮೇಲೆ ಕೂತು ಕಿಟಕಿಯ ಬಲೆಯಿಂದಲೇ ಎಲ್ಲ ನೋಡಬೇಕಾಯಿತು.

ಒಳಗೆ ಬಂದ ಮೂವರು ಎಕ್ಸ್‌ಚೇಂಜಿನ ಮೇಲೆ ಬೆರಳಾಡಿಸಿ ನೋಡಿದರು. ಬೆರಳಿಗೆ ಧೂಳು ಹತ್ತಲಿಲ್ಲ. ಹಿರಿಯರು ಬಗ್ಗಿ ನೀರಿನ ಬಟ್ಟಲುಗಳನ್ನು ಬಹಳ ಹೊತ್ತು ನೋಡಿದರು. ಇದು ಯಾವ ದೇಶದ ನಿಯಮ ಎಂದು ಕೇಳಿದರು. ನಾನು ದೊಡ್ಡಮ್ಮನ ಕಡೆ ಕೈ ತೋರಿಸಿದೆ.

ವರ್ಷಗಟ್ಟಲೆ ಒಂದು ಮಾತಿಗೆ ಬಾರದ ದೇಶಗಳು ಅವತ್ತು ಧೂಳಿನ ವಿಷಯದಲ್ಲಿ ಅರ್ಧ ಗಂಟೆಗೇ ಒಮ್ಮತಕ್ಕೆ ಬಂದವು. ಭಿನ್ನಾಭಿಪ್ರಾಯ ಇದ್ದದ್ದು ಹುಣಸೆ ಮರದ ಕೆಳಗೆ ಕೂತಿದ್ದ ದೇಶದ್ದು ಮಾತ್ರ.

ಐದಕ್ಕೆ ಎರಡು

ಇನ್ನು ಉಳಿದದ್ದು ದನಿಯ ಪರೀಕ್ಷೆ. ಅದೊಂದಕ್ಕೇ ಬೆಂಗಳೂರಿನ ಮೂಲಕ ಯುರೋಪಿನ ಒಂದು ಪ್ರಯೋಗಾಲಯಕ್ಕೆ ಲೈನು ಕೊಟ್ಟಿದ್ದರು. ಅಲ್ಲಿ ಒಬ್ಬ ಹೆಣ್ಣುಮಗಳು ಕೂತು ಫೋನಿನಲ್ಲಿ ಕೆಲವು ವಾಕ್ಯ ಓದುತ್ತಾಳೆ. ಇಲ್ಲಿ ಕೇಳಿದವರು ದನಿ ಹೇಗಿದೆ ಎಂದು ಐದಕ್ಕೆ ಇಷ್ಟು ಅಂತ ಅಂಕ ಕೊಡಬೇಕು. ಭಾಷೆ ತಿಳಿಯಬೇಕಾಗಿಲ್ಲ, ದನಿ ತಿಳಿದರೆ ಸಾಕು. ನಾಲ್ಕಾದರೂ ಬರಬೇಕು. ಪ್ರಪಂಚದಲ್ಲೆಲ್ಲ ಇದೇ ಕ್ರಮವಂತೆ.

ಮೊದಲು ದ್ರಾಕ್ಷಿ ತೋಟದ ಗೌಡರನ್ನು ಕರೆದೆ. ರಿಸೀವರ್ ಕಿವಿಗೆ ಇಡುವ ಮೊದಲೇ "ಐದು" ಅಂದರು. ಪಂಚಾಯ್ತಿ ಛೇರ್ಮನ್ನರು ಇನ್ನೂ ಧಾರಾಳ, "ಹತ್ತು ಬರ್ಕಳಿ" ಅಂದರು. ಮನೆಗೆ ಬಂದವರಿಗೆ ಕಡಿಮೆ ಅಂಕ ಕೊಡುವುದುಂಟೇ? ಹಿರಿಯರು ನಕ್ಕು, ಇದು ಲೆಕ್ಕಕ್ಕಿಲ್ಲ, ಮುಲಾಜಿಲ್ಲದೆ ಮಾತಾಡುವವರು ಯಾರಾದರೂ ಇದ್ದಾರಾ ಅಂದರು.

ಎಲ್ಲರೂ ದೊಡ್ಡಮ್ಮನ ಕಡೆ ತಿರುಗಿದರು. ಕಾಲು ತೊಳೆಸಿಕೊಂಡ ಮೂವರು ಎಲ್ಲರಿಗಿಂತ ಮೊದಲು ತಿರುಗಿದರು.

ದೊಡ್ಡಮ್ಮ ಕೈ ಒರೆಸಿಕೊಂಡು ರಿಸೀವರ್ ತೆಗೆದುಕೊಂಡರು. ಕಣ್ಣು ಮುಚ್ಚಿ, ಆ ಕಡೆಯ ಮಾತು ಮುಗಿಯುವತನಕ ಅಲ್ಲಾಡದೆ ಕೇಳಿದರು.

"ಎರಡು" ಅಂದರು.

ಸಾಹೇಬರು ತಲೆ ಮೇಲೆ ಕೈ ಇಟ್ಟುಕೊಂಡು ಗೋಡೆಗೆ ಒರಗಿದರು. ಹಿಂದೂಪುರದ ಲೈನು ಬೇಕೆಂದು ಮನೆ ಬಿಟ್ಟುಕೊಟ್ಟ ಹೆಂಗಸು ತನ್ನ ಬಾಯಿಂದಲೇ ಅದನ್ನು ಕಳೆದುಕೊಂಡರಲ್ಲ. "ಅಮ್ಮ, ಸರಿಯಾಗಿ ಕೇಳಿದ್ರಾ? ಯಾಕೆ ಎರಡು?" ಅಂದೆ.

"ಇನ್ನೇನಪ್ಪ, ಆ ಮಗೀಗೆ ನೆಗಡಿ. ಮೂಗು ಕಟ್ಟೈತೆ. ಎದೇಲಿ ಕಫ ಗೊರ ಗೊರ ಅಂತದೆ. ಇಂಥ ದನೀಗೆ ಅದಕ್ಕಿಂತ ಹೆಚ್ಗೆ ಹೆಂಗೆ ಕೊಡ್ಲಿ? ಮೆಣಸು, ಶುಂಠಿ ಹಾಕಿ ಕಷಾಯ ಕುಡಿ ಅಂತ ಹೇಳು."

ನಾನು ಅದನ್ನು ಹಾಗೇ ಇಂಗ್ಲಿಷಿನಲ್ಲಿ ಹೇಳಿದೆ. ಹಿರಿಯರು ರಿಸೀವರ್ ಇಸಿದುಕೊಂಡು, ನಿಮಗೆ ನೆಗಡಿಯಾಗಿದೆಯೇ ಎಂದು ಕೇಳಿದರು. ಉತ್ತರವಾಗಿ ಸಮುದ್ರಗಳನ್ನು ದಾಟಿ ಒಂದು ಸೀನು ಬಂತು. ಎಷ್ಟು ಸ್ಪಷ್ಟವಾಗಿ ಬಂತೆಂದರೆ ಬಾಗಿಲಲ್ಲಿ ನಿಂತಿದ್ದ ಗೌಡರು ಒಂದು ಹೆಜ್ಜೆ ಹಿಂದೆ ಸರಿದರು. ಹಿರಿಯರು ಗಡ್ಡ ಅಲ್ಲಾಡುವ ಹಾಗೆ ನಗುತ್ತ ಐದು ಬೆರಳೂ ಎತ್ತಿ ತೋರಿಸಿದರು. ಕಿಟಕಿಯ ಆಚೆಯಿಂದ ಸೆಂಟಿನ ಸಾಹೇಬರೂ ಐದು ಬೆರಳು ತೋರಿಸಿದರು.

ಆ ವಾರವೇ ನೇರ ಲೈನು ಬಂತು. ನಾನು ಮೊದಲ ಕಾಲನ್ನು ಹಿಂದೂಪುರಕ್ಕೇ ಹಚ್ಚಿದೆ. ಮಗಳ ಮನೆಯ ಪಕ್ಕದ ಅಂಗಡಿಯವರು ಅವಳನ್ನು ಕರೆತಂದರು. ರಿಸೀವರ್ ದೊಡ್ಡಮ್ಮನ ಕೈಗೆ ಕೊಟ್ಟೆ. ಆ ಕಡೆಯಿಂದ "ಅಮ್ಮಾ" ಅನ್ನುವ ದನಿ ಪಕ್ಕದಲ್ಲಿದ್ದ ನನಗೂ ಕೇಳಿಸಿತು. ವಿದೇಶದವರನ್ನೇ ಗದರಿಸಿ ಕಾಲು ತೊಳೆಸಿದ ದೊಡ್ಡಮ್ಮನಿಗೆ ಮಾತೇ ಹೊರಡಲಿಲ್ಲ. ಕೆನ್ನೆ ಮೇಲೆ ನೀರು ಇಳಿಯುತ್ತಿತ್ತು. ಎಷ್ಟೋ ಹೊತ್ತಾದ ಮೇಲೆ "ಹೂಂ ಕಣವ್ವ" ಅಂದರು, ಅದೂ ಅರ್ಧಂಬರ್ಧ.

"ಯಾಕಮ್ಮ ದನಿ ಹಿಂಗೈತೆ? ಮೂಗು ಕಟ್ಟೈತಾ? ನೆಗಡಿಯಾ?" ಅಂದಳು ಮಗಳು.

ದೊಡ್ಡಮ್ಮ ನನ್ನ ಕಡೆಗೊಮ್ಮೆ ನೋಡಿ, ಬೆನ್ನು ತಿರುಗಿಸಿ, ಸೆರಗಿನಿಂದ ಮೂಗು ಒರೆಸಿಕೊಂಡು ಹೇಳಿದರು:

"ಹೂಂ ಕಣೆ. ಮೊನ್ನೆ ಒಬ್ಳು ಫಾರಿನ್ ಹುಡುಗಿ ಫೋನ್ನಾಗೆ ಸೀನಿದ್ಲು, ಹತ್ಬಿಟ್ಟೈತೆ."