ಮೀನಿಗೆ ತಪಾಸಣೆ ಮಾಫ್

ನಮ್ಮ ಹೆಡ್ ಕ್ಲರ್ಕ್ ಸಾಹೇಬರು ಯಾವ ಕಾಗದ ಬಂದರೂ ಮೊದಲು ಕಿಟಕಿಯ ಬೆಳಕಿಗೆ ಹಿಡಿದು ನೋಡುತ್ತಿದ್ದರು, ಆಮೇಲೆ ಓದುತ್ತಿದ್ದರು. ಸ್ವಂತ ಮಗಳ ಲಗ್ನಪತ್ರಿಕೆ ಛಾಪಿಸಿ ತಂದಾಗಲೂ ಹಾಗೇ ಹಿಡಿದಿದ್ದರಂತೆ. ಇಂಥವರ ಎದುರಿಗೆ ಕುರ್ಚಿ ಸಿಕ್ಕರೆ ದಿನಾ ಒಂದಿಲ್ಲೊಂದು ನಡೆದೇ ನಡೆಯುತ್ತದೆ. ನಗುವುದಕ್ಕೆ ಧೈರ್ಯ ಬೇಕು, ಅದು ನನಗಿರಲಿಲ್ಲ.

೧. ‘ಆದರೆ’ ಎಲ್ಲಿ?

ತೊಂಬತ್ತರ ದಶಕ. ಸ್ಟೇಶನ್ ಬಜಾರದ ನಮ್ಮ ಆಫೀಸಿನವರು ಪರಿಸರ ತಪಾಸಣೆ ಮುಗಿಸದೆ ಯಾರೂ ದೊಡ್ಡ ಗುಂಡಿ ತೋಡುವಂತಿರಲಿಲ್ಲ. ಕಾನ್ವೆಂಟಿನಲ್ಲಿ ಓದಿದವಳೆಂದು ಇಂಗ್ಲಿಷ್ ಸುತ್ತೋಲೆಗಳನ್ನು ಓದಿ ಹೇಳುವ ಕೆಲಸ ನನಗೆ. ಒಂದು ದಿನ ಬಂದದ್ದು ಹೀಗಿತ್ತು: ಮೀನು, ಹಕ್ಕಿಗಳ ನೆಲೆ ಸುಧಾರಿಸುವ ಸಣ್ಣ ಕೆಲಸಗಳಿಗೆ ತಪಾಸಣೆ ಬೇಡ.

“ಅಂದ್ರ ಮಾಫ್?”

“ಹೌದ್ರೀ ಸರ್.”

“‘ಆದರೆ’ ಅಂತ ಎಲ್ಲಿ ಬರ್ತದ?”

“ಬರಂಗಿಲ್ರೀ.”

“‘ಆದರೆ’ ಇಲ್ದ ಸರಕಾರ ಏನೂ ಬಿಡಂಗಿಲ್ಲ. ಹಿಂದ ತಿರುವಿ ನೋಡ್ರಿ.”

ಹಿಂದೆ ಖಾಲಿ ಇತ್ತು. ಅದನ್ನು ನೋಡಿ ಅವರ ಸಂಶಯ ಇಮ್ಮಡಿಯಾಯಿತು.

೨. ಎಂಥ ಹಕ್ಕಿ?

ಸುದ್ದಿ ಹಬ್ಬಿದ ವಾರದೊಳಗೆ ಊರಿಗೆಲ್ಲ ಹಕ್ಕಿಗಳ ಮೇಲೆ ಪ್ರೀತಿ ಉಕ್ಕಿತು. ಕುಸನೂರ ಕಡೆ ರಸ್ತೆಗೆ ಹಾಕುವ ಮುರುಮು ಮಣ್ಣು ತೋಡಿ ಮಾರುವ ಗುತ್ತೇದಾರನೊಬ್ಬ ಅರ್ಜಿ ತಂದ: ಹಕ್ಕಿಗಳು ನೀರು ಕುಡಿಯಲು ಹೊಂಡ.

“ಎಷ್ಟು ಆಳ?”

“ಮೂವತ್ತು ಫೂಟ್ ರೀ.”

“ಲಾರಿ ಇಳೀಲಿಕ್ಕ ರಸ್ತಾ ಯಾಕ?”

“ಹಕ್ಕಿಗೋಳು ಆರಾಮ ನಡ್ಕೋತ ಇಳೀಲಿ ಅಂತ.”

“ಮೂವತ್ತು ಫೂಟಿನಾಗ ನಿಂತು ನೀರು ಕುಡಿಯೋ ಹಕ್ಕಿ ಯಾವುದಪಾ?”

ಆತ ತಲೆ ಕೆರೆದುಕೊಂಡ. “ಉದ್ದ ಕಾಲಿನವು ಬರ್ತಾವ್ರೀ.”

೩. ಬೇಡ ಎನ್ನುವುದರ ತಪಾಸಣೆ

ಅದಾದ ಮೇಲೆ ಸಾಹೇಬರು ಯಾರನ್ನೂ ನಂಬಲಿಲ್ಲ. ಆಗಲೇ ಬಂದವನು ಕಮಲಾಪುರ ಕಡೆಯ ಮುದುಕ, ಮೀನು ಹಿಡಿದು ಬದುಕುವವನು. ಕೆರೆ ಬತ್ತುತ್ತಿತ್ತು. ನಡುವೆ ಹೂಳು ತೆಗೆದು ಒಂದು ಮಡು ಮಾಡಿದರೆ ಉಳಿದ ಮೀನು ಮಳೆಗಾಲದ ತನಕ ಬದುಕುತ್ತವೆ. ಕೆರೆ ಸರಕಾರದ್ದು, ಕಾಗದವಿಲ್ಲದೆ ಗುದ್ದಲಿ ಹಾಕಿದರೆ ಹಿಡಿಯುತ್ತಾರೆ.

“ಇದಕ್ಕ ತಪಾಸಣಿ ಬ್ಯಾಡ ಅಲ್ರೀ, ಸಾಹೇಬ್ರ?”

“ಬ್ಯಾಡೇ ಬ್ಯಾಡ, ಕಾಕಾ. ಖರೇನ ಬ್ಯಾಡ ಹೌದಿಲ್ಲೋ ಅಂತ ಮುಂದಿನ ತಿಂಗಳ ಬಂದು ತಪಾಸಣಿ ಮಾಡ್ತೀವಿ.”

“ನೀರು ಮೊಣಕಾಲಿಗಿ ಇಳಿದದ್ರೀ!”

“ಮೀನು ಅವ ಅನ್ನೂದಕ್ಕ ಪುರಾವಿ ಏನು?”

೪. ಪುರಾವೆ

ಮರುದಿನ ಮುದುಕ ಕಮಲಾಪುರದಿಂದ ಬಸ್ಸಿನಲ್ಲಿ ಬಂದ. ಕೈಯಲ್ಲಿ ಬಕೆಟ್ಟು, ಮೇಲೆ ಒದ್ದೆ ಗೋಣಿ. ಸೀದಾ ಸಾಹೇಬರ ಟೇಬಲ್ಲಿನ ಮೇಲಿಟ್ಟು ಗೋಣಿ ತೆಗೆದ. ಮೊಳದುದ್ದದ ಮೀನು.

“ಬಜಾರದಾಗ ತಂದದ್ದಿರಬಹುದು,” ಎಂದರು ಸಾಹೇಬರು.

“ಬಜಾರದಾಗ ಜೀವ ಇದ್ದದ್ದು ಯಾರು ಕೊಡ್ತಾರ್ರೀ?”

ಜೀವ ಇದೆಯೋ ಇಲ್ಲವೋ ನೋಡಲು ಸಾಹೇಬರು ಬಗ್ಗಿದರು. ಮೀನು ಬಾಲ ಬೀಸಿತು. ಚಷ್ಮಾ, ಮೀಸೆ, ಫೈಲು ಎಲ್ಲ ಕೆರೆಯ ನೀರು. ನಾನು ತುಟಿ ಕಚ್ಚಿ ಹಿಡಿದೆ. ಅವರು ನಿಧಾನಕ್ಕೆ ಮುಖ ಒರೆಸಿಕೊಂಡು ನನ್ನತ್ತ ತಿರುಗಿದರು.

“ಬರಕೋರಿ, ಬಾಯಾರ. ಸದರಿ ಕೆಲಸಕ್ಕ ಫಲಾನುಭವಿ ಮೀನಿನ ಕಡಿಂದ ಆಕ್ಷೇಪಣಿ ಬಂದದ.”

ನನ್ನ ಕೈ ಪೆನ್ನು ಎತ್ತಿಕೊಂಡಿತ್ತು. ಮೀನು ಮೇಲೆ ಬಂದು ಬಾಯಿ ತೆರೆದು ಮುಚ್ಚುತ್ತಿತ್ತು. ಮುದುಕ ಸಾಹೇಬರನ್ನು ಬಿಟ್ಟು ನನ್ನ ಟೇಬಲ್ಲಿನ ಹತ್ತಿರ ಬಂದ.

“ಬಾಯಾರ, ಆ ಇಂಗ್ಲಿಷ್ ಕಾಗದ ಓದಿದವರು ನೀವೇ ಅಂತಲ್ಲ. ಅದರಾಗ ಏನದ, ಇವರಿಗಿ ಕೇಳಂಗ ಒಂದೇ ಒಂದು ಸಲ ಜೋರಾಗಿ ಓದ್ರಿ.”