ಅತ್ತೆಯ ದಾರಿ, ಚಿಕ್ಕಪ್ಪನ ಬೇಲಿ, ನನ್ನ ನಕ್ಷೆ

ಕೈಯಲ್ಲಿ ಫೋನು ಹಿಡಿದು ದಾರಿ ಅಳೆಯುತ್ತ ತಿರುಗುವವನಿಗೆ ಇಂಥ ಪ್ರಸಂಗ ವಾರಕ್ಕೊಂದಾದರೂ ಆಗದೆ ಬಿಡುವುದಿಲ್ಲ.

ನನ್ನ ಊರು ತಮಿಳುನಾಡಿನ ತೇನಿ ಕಡೆಯ ಹನುಮಂತನಪಟ್ಟಿ. ಕೆಲಸ ತೋಟಗಳಿಗೆ ಹನಿ ನೀರಾವರಿಯ ಪೈಪು ಜೋಡಿಸುವುದು. ಕಂಬಂ ಕಣಿವೆಯ ಯಾವ ತೋಟಕ್ಕೆ ಯಾವ ಸಂದಿಯಲ್ಲಿ ನುಗ್ಗಬೇಕೆಂದು ಪೈಪು ಹೊತ್ತವನಿಗೆ ಗೊತ್ತಿರುತ್ತದೆ. ಹಾಗಾಗಿ, ಯಾರು ಬೇಕಾದರೂ ಬರೆಯಬಹುದಾದ, ಯಾರು ಬೇಕಾದರೂ ತಿದ್ದಬಹುದಾದ ಅಂತರ್ಜಾಲದ ನಕ್ಷೆಯೊಂದರಲ್ಲಿ ಬಿಡುವಾದಾಗಲೆಲ್ಲ ನಮ್ಮ ಕಡೆಯ ದಾರಿಗಳನ್ನು ಗೀಚುತ್ತೇನೆ. ಸಂಬಳ ಇಲ್ಲ, ಬೈಗುಳ ಉಂಟು.

ಬೈಯುವವರಲ್ಲಿ ಮೊದಲಿಗಳು ನಮ್ಮ ಅತ್ತೆ, ಅಂದರೆ ಅಪ್ಪನ ಅಕ್ಕ. ಎರಡನೆಯವನು ನಮ್ಮ ಚಿಕ್ಕಪ್ಪ, ಅವಳ ಕೊನೆಯ ತಮ್ಮ. ಇಬ್ಬರ ದ್ರಾಕ್ಷಿ ತೋಟಗಳೂ ಅಕ್ಕಪಕ್ಕ. ನಡುವೆ ಅಜ್ಜನ ಕಾಲದ ಒಂದು ದಾರಿ. ಹನ್ನೊಂದು ವರ್ಷದ ಹಿಂದೆ ಅತ್ತೆಯ ಆಡು ಆ ದಾರಿಯಲ್ಲಿ ಹೋಗಿ ಚಿಕ್ಕಪ್ಪನ ಹೊಸ ದ್ರಾಕ್ಷಿ ಸಸಿ ಮೇಯಿತು. ಚಿಕ್ಕಪ್ಪ ದಾರಿಗೆ ಅಡ್ಡ ಮುಳ್ಳುಬೇಲಿ ಹಾಕಿದ. ಅಂದಿನಿಂದ ಅಕ್ಕ ತಮ್ಮ ಮಾತು ಬಿಟ್ಟರು. ಅತ್ತೆಯ ದ್ರಾಕ್ಷಿ ತುಂಬುವ ವಂಡಿ, ಅಂದರೆ ಲಾರಿ, ಕಾಲುವೆ ಏರಿಯನ್ನೆಲ್ಲ ಸುತ್ತಿ ಬರಬೇಕಾಯಿತು. ಇಬ್ಬರಿಗೂ ನಾನು ಬೇಕಾದವನು. ನನ್ನ ಕಷ್ಟ ಯಾರಿಗೆ ಹೇಳಲಿ?

೧. ಬೆಟ್ಟ ಹತ್ತಿದ ನೀರು

ನಕ್ಷೆಯನ್ನು ಮೊದಲು ತೋರಿಸಿದ್ದು ಅತ್ತೆಗೆ. ಫೋನು ಮೇಜಿನ ಮೇಲಿಟ್ಟು, ಇದು ನಮ್ಮೂರು, ಇದು ಹೊಳೆ, ಇದು ತೇನಿ ಎಂದೆ. ಅವಳು ಬಗ್ಗಿ ನೋಡಿ ಹಣೆ ಚಚ್ಚಿಕೊಂಡಳು.

"ಏನ್ಲಾ ಅಳಿಯಾ, ತೇನೀನ ತಲೆ ಮ್ಯಾಲೆ ಕೂರಿಸಿದ್ಯ! ನೀರು ತೇನಿ ಕಡೆ ಹರೀತದೆ. ನಿನ್ನ ಪಟದಾಗೆ ಅದು ಮಲೆ ಹತ್ತತಾ ಐತೆ."

ನಕ್ಷೆಯಲ್ಲಿ ಉತ್ತರ ಯಾವಾಗಲೂ ಮೇಲೆ ಇರುತ್ತದೆ, ಅದು ಲೋಕದ ಪದ್ಧತಿ ಎಂದು ವಿವರಿಸಿದೆ. ಲೋಕಕ್ಕೆ ನೀರು ಹಾಯಿಸಿ ಗೊತ್ತಿಲ್ಲ ಎಂದಳು. ಎದ್ದು ಮೇಜನ್ನು ಸುತ್ತಿ ಎದುರುಗಡೆ ಹೋಗಿ ಕೂತು, ಅಲ್ಲಿಂದ ನೋಡಿದಳು.

"ಈಗ ನೋಡು, ನೀರು ನೀರಿನಂಗೆ ಹರೀತು."

ಅಲ್ಲಿಂದಾಚೆ ನಮ್ಮ ಮನೆಯಲ್ಲಿ ನಕ್ಷೆ ನೋಡಬೇಕಾದರೆ ನಾನು ಈ ಕಡೆ, ಅತ್ತೆ ಆ ಕಡೆ. ಏಳುವ ಮುಂಚೆ, "ನಮ್ಮಪ್ಪನ ದಾರಿ ಇದರಾಗೆ ಇಲ್ವಲ್ಲ, ಹಾಕು" ಎಂದು ಅಪ್ಪಣೆ ಮಾಡಿದಳು. ಬೇಲಿ ಇದೆಯಲ್ಲ ಅತ್ತೆ ಎಂದೆ. "ಬೇಲಿ ನಿನ್ನೆ ಬಂದದ್ದು" ಎಂದಳು.

೨. ಬೋಡಿಮೆಟ್ಟಿನ ಹೊಸ ದಾರಿ

ಬೋಡಿಮೆಟ್ಟಿನ ಏಲಕ್ಕಿ ತೋಟವೊಂದರಲ್ಲಿ ಪೈಪು ಸೋರುತ್ತದೆಂದು ಕರೆದಿದ್ದರು. ನಡೆದ ದಾರಿ ತಾನೇ ದಾಖಲಾಗುವಂತೆ ಫೋನಿನಲ್ಲಿ ಗುಂಡಿ ಒತ್ತಿ, ಅದನ್ನು ಬಾಳೆಹಣ್ಣಿನ ಜೊತೆ ಚೀಲದಲ್ಲಿ ಹಾಕಿ ಹೊರಟೆ. ಎರಡನ್ನೂ ಒಂದೇ ಚೀಲದಲ್ಲಿ ಹಾಕಿದ್ದು ನನ್ನ ಬುದ್ಧಿ. ಪೈಪಿಗೆ ಅಂಟು ಹಚ್ಚುತ್ತಿದ್ದಾಗ ಕೋತಿ ಬಂದು ಚೀಲ ಎತ್ತಿಕೊಂಡು ಹೋಯಿತು. ಹಣ್ಣು ಮುಗಿದ ಮೇಲೆ ಚೀಲ ಬಿಸಾಕಿತು. ಪುಣ್ಯಕ್ಕೆ ಫೋನು ಉಳಿಯಿತು.

ಮನೆಗೆ ಬಂದು, ದಾಖಲಾಗಿದ್ದ ಗೆರೆಯನ್ನು ಕಣ್ಣಿಟ್ಟು ನೋಡದೆ ಹಾಗೇ ನಕ್ಷೆಗೆ ಏರಿಸಿದೆ. ಮಾರನೆಯ ದಿನ ಮೇಷ್ಟ್ರ ಪ್ರಶ್ನೆ ಬಂತು. ಮೇಷ್ಟ್ರು ಎಂದರೆ, ಯಾವುದೋ ಚಳಿದೇಶದಲ್ಲಿ ನಿವೃತ್ತರಾಗಿ ಕೂತು, ನಾವು ಗೀಚಿದ್ದನ್ನೆಲ್ಲ ಕಾಪಿ ತಿದ್ದಿದ ಹಾಗೆ ತಿದ್ದುವ ಪುಣ್ಯಾತ್ಮ. ಮುಖ ನೋಡಿಲ್ಲ. ಇಂಗ್ಲಿಷಿನಲ್ಲಿ ಬಹಳ ಮರ್ಯಾದೆಯಿಂದ ಬರೆಯುತ್ತಾರೆ.

"ನೀವು ಸೇರಿಸಿದ ಹೊಸ ಕಾಲುದಾರಿ ಮೂರು ಕಡೆ ಪ್ರಪಾತಕ್ಕೆ ಇಳಿದು ಮತ್ತೆ ಹತ್ತುತ್ತದೆ. ಒಂದು ಮರವನ್ನು ಆರು ಸಲ ಸುತ್ತುತ್ತದೆ. ಇದನ್ನು ಯಾರು ಬಳಸುತ್ತಾರೆ?"

ಸುಳ್ಳು ಹೇಳಲು ಮನಸ್ಸಾಗದೆ, ಕೋತಿ ಎಂದು ಬರೆದೆ.

ಅವರು ಒಂದು ದಿನ ಯೋಚಿಸಿ ಉತ್ತರಿಸಿದರು: "ಹಾಗಾದರೆ 'ಸ್ಥಳೀಯರಿಗೆ ಮಾತ್ರ' ಎಂದು ಗುರುತಿಸಲೇ?"

೩. ಪೆರಿಯಕುಳದ ಮಾವು

ಇದು ಚಿಕ್ಕದು. ಪೆರಿಯಕುಳದ ಮಾವಿನ ತೋಟದವರೊಬ್ಬರು ಪೈಪು ಹಾಕಿಸಿಕೊಂಡು, ಹೊಟ್ಟೆತುಂಬ ಊಟ ಹಾಕಿ, ನನ್ನ ಕೈ ಹಿಡಿದುಕೊಂಡರು. "ತಂಬಿ, ನನ್ನ ತೋಟಾನ ಮಾತ್ರ ಪಟದಾಗೆ ಹಾಕಬ್ಯಾಡ. ಕಳ್ಳರು ನೋಡ್ಬುಡ್ತಾರೆ."

ಆಗಲಿ ಅಣ್ಣಾ ಎಂದು ಬೈಕು ಹತ್ತಿದೆ. ಗೇಟಿನವರೆಗೂ ಹಿಂದೆಯೇ ಬಂದರು.

"ಪಕ್ಕದವನ್ದು ಹಾಕು. ದೊಡ್ಡದಾಗೇ ಹಾಕು."

೪. ಮುಚ್ಚಲಾಗದ ಚರ್ಚೆ

ಅತ್ತೆಯ ಕಾಟ ತಾಳಲಾರದೆ ಕೊನೆಗೆ ಅಜ್ಜನ ದಾರಿಯನ್ನು ನಕ್ಷೆಯಲ್ಲಿ ಎಳೆದೆ. ಬೇಲಿ ಹಾಕಲಿಲ್ಲ. ಅದು ತಪ್ಪು, ನೆಲದ ಮೇಲೆ ಇದ್ದದ್ದನ್ನು ಇದ್ದ ಹಾಗೆ ಬರೆಯಬೇಕು. ಆದರೆ ಅವತ್ತು ಅತ್ತೆ ಒಬ್ಬಟ್ಟು ಮಾಡಿದ್ದಳು.

ಒಂದು ವಾರದಲ್ಲಿ ದ್ರಾಕ್ಷಿ ತುಂಬಲು ಬಂದ ಹೊಸ ವಂಡಿಯ ಡ್ರೈವರು ಫೋನು ನೋಡಿಕೊಂಡು ನೇರ ಚಿಕ್ಕಪ್ಪನ ಬೇಲಿಗೆ ಮೂತಿಯಿಟ್ಟು ಹಾರನ್ ಹೊಡೆದ. ದಾರಿ ಎಲ್ಲಿದೆ ಎಂದು ಚಿಕ್ಕಪ್ಪ ಕೇಳಿದರೆ, ಫೋನಿನಲ್ಲಿದೆ ಎಂದನಂತೆ. ಚಿಕ್ಕಪ್ಪ ನನ್ನ ಮನೆಗೆ ಬಂದು, "ನನ್ನ ಬೇಲೀನ ಅಳಿಸ್ಬುಟ್ಯಾ ಮಗನೇ?" ಎಂದು ಅಳುಮೋರೆ ಮಾಡಿದ. ಬೇಲಿಯನ್ನೂ ಹಾಕಿದೆ. ಸಂಜೆ ಅತ್ತೆ ಬಂದು ಬೈದಳು.

ರೋಸಿಹೋಗಿ ಇಬ್ಬರಿಗೂ ಬೇರೆ ಬೇರೆಯಾಗಿ ಒಂದು ಉಪಾಯ ಹೇಳಿಕೊಟ್ಟೆ. ನಕ್ಷೆಯಲ್ಲಿ ಬೇಕಾದ ಜಾಗದ ಮೇಲೆ ಚೀಟಿ ಅಂಟಿಸಿದ ಹಾಗೆ ಟಿಪ್ಪಣಿ ಬರೆಯಬಹುದು, ಹೆಸರು ಕೂಡ ಹಾಕಬೇಕಿಲ್ಲ, ನನ್ನನ್ನು ಬಿಟ್ಟು ಅಲ್ಲಿ ಜಗಳವಾಡಿ ಎಂದೆ. ಅವರು ಆಡಿಯೇಬಿಟ್ಟರು. ನಮ್ಮವರು ಶಾಲೆಯಲ್ಲಿ ಕಲಿತದ್ದು ತಮಿಳು ಅಕ್ಷರ, ಮನೆಯಲ್ಲಿ ಆಡುವುದು ಕನ್ನಡ. ಮೈಸೂರಿನ ಪೈಪ್ ಅಂಗಡಿಯಲ್ಲಿ ಎರಡು ವರ್ಷ ಇದ್ದು ಬೋರ್ಡು ನೋಡಿ ಕನ್ನಡ ಅಕ್ಷರ ಕಲಿತವನು ಮನೆಯಲ್ಲಿ ನಾನೊಬ್ಬನೇ. ಹಾಗಾಗಿ ತಮಿಳು ಅಕ್ಷರದಲ್ಲಿ ಕನ್ನಡದ ಜಗಳ ಶುರುವಾಯಿತು.

"ಇಲ್ಲಿ ದಾರಿ ಐತೆ. ನಮ್ಮಪ್ಪ ನಡೆದ ದಾರಿ."

"ನನಗೂ ಅವರೇ ಅಪ್ಪ. ಅವರು ಆಡು ಬಿಟ್ಕೊಂಡು ನಡೀಲಿಲ್ಲ."

"ಆಡು ತಿಂದದ್ದು ನಾಕು ಸಸಿ. ಹನ್ನೊಂದು ವರ್ಸ ಮಾತು ಬಿಡೋ ಅಷ್ಟು ತಿನ್ನಲಿಲ್ಲ."

ಎರಡು ದಿನ ನಾನು ಕೆಲಸ ಬಿಟ್ಟು ಬಿಟ್ಟು ಫೋನು ನೋಡುತ್ತಿದ್ದೆ. ಮೂರನೆಯ ದಿನ ಚಿಕ್ಕಪ್ಪನ ಟಿಪ್ಪಣಿ ಬಂತು.

"ಆ ಆಡು ಹೆಂಗೈತೆ?"

"ಸತ್ತು ಆರು ವರ್ಸ ಆತು."

"ನನಗ್ಯಾರೂ ಹೇಳಲೇ ಇಲ್ಲ."

"ಎಲ್ಲಿಂದ ಬಂದು ಹೇಳಾದು? ಬೇಲಿ ಐತಲ್ಲ."

 ಹನ್ನೊಂದು ವರ್ಷದಲ್ಲಿ ಅವರು ಆಡಿದ, ಜಗಳವಲ್ಲದ ಮೊದಲ ನಾಲ್ಕು ಮಾತು ಅವು.

ಅಷ್ಟರಲ್ಲಿ ಮೇಷ್ಟ್ರು ಬಂದರು. ಟಿಪ್ಪಣಿಗಳನ್ನು ಅನುವಾದದ ಯಂತ್ರಕ್ಕೆ ಹಾಕಿ ನೋಡಿದರಂತೆ, ಅದು ತಮಿಳು ಎನ್ನುತ್ತದಂತೆ, ಅರ್ಥ ಮಾತ್ರ ಹೇಳುವುದಿಲ್ಲವಂತೆ. ವಿಷಯ ಏನು ಎಂದು ನನ್ನನ್ನು ಕೇಳಿದರು. ಎಲ್ಲ ವಿವರಿಸಲು ನನ್ನ ಇಂಗ್ಲಿಷು ಸಾಲದು. ಒಂದು ಆಡಿನ ಬಗ್ಗೆ ಚರ್ಚೆ ನಡೆಯುತ್ತಿದೆ ಎಂದು ಬರೆದೆ.

"ಆಡು ಈಗ ದಾರಿಯಲ್ಲಿ ಇದೆಯೇ?"

"ಇಲ್ಲ. ಸತ್ತು ಆರು ವರ್ಷವಾಯಿತು."

"ವಿಷಾದ. ಅಂದರೆ ಅಡಚಣೆ ನಿವಾರಣೆಯಾಗಿದೆ" ಎಂದು ಬರೆದು ಮೇಷ್ಟ್ರು, ಇನ್ನು ಯಾರೂ ಬರೆಯದ ಹಾಗೆ, ಚರ್ಚೆಯನ್ನು ಮುಚ್ಚಿಬಿಟ್ಟರು.

ಮರುದಿನ ಬೆಳಿಗ್ಗೆ ಅತ್ತೆ ತೋಟದ ಕಡೆಯಿಂದ, ಚಿಕ್ಕಪ್ಪ ಬೀದಿ ಕಡೆಯಿಂದ, ಇಬ್ಬರೂ ಫೋನು ಎತ್ತಿ ಹಿಡಿದುಕೊಂಡು ನನ್ನ ಜಗಲಿಗೆ ಒಟ್ಟಿಗೇ ಬಂದು ಮುಟ್ಟಿದರು. ಬಾಗಿಲಲ್ಲಿ ಎದುರುಬದುರಾದರು. 

"ಯಾವನಕ್ಕಾ ಅವನು ಮುಚ್ಚಾಕೆ?" ಎಂದ ಚಿಕ್ಕಪ್ಪ.

"ಅದ್ನೇ ನಾನೂ ಕೇಳಾಕೆ ಬಂದೆ! ಅಕ್ಕ ತಮ್ಮ ಮಾತಾಡ್ತಾ ಇದ್ರೆ ನಡುವೆ ಅವನಿಗೇನು ಕೆಲಸ?" ಎಂದಳು ಅತ್ತೆ.

ಇಬ್ಬರೂ ಸೇರಿ ಮೇಷ್ಟ್ರನ್ನು ಅರ್ಧ ಗಂಟೆ ಬೈದರು. ಪಾಪ, ಅವರಿಂದಾಗಿಯೇ ಒಂದಾದರು. ಆಮೇಲೆ ಫೋನು ಮೇಜಿನ ಮೇಲಿಟ್ಟೆ. ಚಿಕ್ಕಪ್ಪ ನನ್ನ ಪಕ್ಕ ಕೂರಲು ಬಂದರೆ, ಎದುರುಗಡೆ ಕೂತಿದ್ದ ಅತ್ತೆ ಪಕ್ಕದ ಕುರ್ಚಿ ತಟ್ಟಿದಳು.

"ಈ ಕಡೆ ಬಾ ತಮ್ಮಾ. ಅಲ್ಲಿಂದ ನೋಡಿದ್ರೆ ನೀರು ಮಲೆ ಹತ್ತತದೆ."

ಅವತ್ತೇ ಮಧ್ಯಾಹ್ನ ಚಿಕ್ಕಪ್ಪ ಬೇಲಿ ಕಿತ್ತ. ನಾನು ನಕ್ಷೆಯಲ್ಲೂ ಅಳಿಸಿದೆ. ಮೇಷ್ಟ್ರು ಬಿಡುತ್ತಾರೆಯೇ? ಬೇಲಿ ಹೋದದ್ದಕ್ಕೆ ಸಾಕ್ಷಿ ಏನು, ಫೋಟೋ ಇದ್ದರೆ ಕಳಿಸಿ ಎಂದರು. ಹೋಗಿ ನೋಡಿದರೆ ಅಕ್ಕ ತಮ್ಮ ದಾರಿಯ ನಟ್ಟನಡುವೆ ಗೋಣಿಚೀಲ ಹಾಸಿ ಕೂತು ದ್ರಾಕ್ಷಿ ತಿನ್ನುತ್ತಿದ್ದರು. ಹಿಂದೆ ಅದೇ ವಂಡಿ ನಿಂತು ಹಾರನ್ ಹೊಡೆಯುತ್ತಿತ್ತು. ಇಬ್ಬರ ಕಿವಿಗೂ ಅದು ಬೀಳುತ್ತಿರಲಿಲ್ಲ. ಹಾಗೇ ಫೋಟೋ ತೆಗೆದು ಕಳಿಸಿದೆ.

ಉತ್ತರ ಕೂಡಲೇ ಬಂತು: "ಬೇಲಿ ಇಲ್ಲದಿರುವುದು ಖಚಿತವಾಯಿತು. ಆದರೆ ಇಬ್ಬರು ವ್ಯಕ್ತಿಗಳು ವಾಹನ ಸಂಚಾರಕ್ಕೆ ಅಡ್ಡವಾಗಿ ಕೂತಿದ್ದಾರೆ. ಈ ಅಡಚಣೆ ತಾತ್ಕಾಲಿಕವೋ, ಶಾಶ್ವತವೋ?"

ಏನೆಂದು ಬರೆಯಲಿ ಎಂದು ಅಕ್ಕ ತಮ್ಮನನ್ನೇ ಕೇಳಿದೆ. ಅತ್ತೆ ಒಂದು ದ್ರಾಕ್ಷಿ ಕಿತ್ತು ತಮ್ಮನ ಬಾಯಿಗೆ ಹಾಕಿದಳು.

"ಇರಾಗಂಟ ಇರ್ತೀವಿ ಅಂತ ಬರಿ. ಆ ವಂಡಿಕಾರಂಗೂ ಹೇಳು, ಕಾಲುವೆ ಏರಿ ಮ್ಯಾಲೆ ಸುತ್ಕೊಂಡು ಬರಲಿ."